ಸೆಟ್ಟು ಆನ್ ಇದ್ದಷ್ಟು ಹೊತ್ತಿನ ಮಾತು

ನನಗೆ ತೊಳೆಯುವ ಚಟ. ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮವ್ವ ಹೊಸ್ತಿಲನ್ನು ದಿನಕ್ಕೆರಡು ಸಲ ತೊಳೆದು, ಅದರ ಮೇಲೆ ಕಾಲಿಟ್ಟವರನ್ನು ಮೂರನೇ ಸಲ ಬಯ್ದು ತೊಳೆಯುತ್ತಿದ್ದಳು. ಎಂಬತ್ತರ ದಶಕದ ನಡುವಿನಲ್ಲಿ ನಾನು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದಾಗ ಟ್ರಂಕಿನ ಜೊತೆಗೆ ಆ ಚಟವೂ ಬಸ್ಸು ಹತ್ತಿ ಬಂತು.

ಯಜಮಾನರದು ರೇಡಿಯೋ, ಟಿ.ವಿ. ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಒಂದು ನಡುಮನೆ, ಅಡುಗೆಮನೆ, ಬಚ್ಚಲು, ಬಾವಿ. ಅಲ್ಲಿ ನಾವು ಮೂವರು: ಅವರು, ನಾನು, ನಮ್ಮತ್ತೆ. ಮಾವ ನಾನು ಬರುವುದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದವರಂತೆ. ಅವರ ಒಂದು ದೊಡ್ಡ ವಾಲ್ವ್ ರೇಡಿಯೋ ನಡುಮನೆಯ ಗೂಟದ ಹಲಗೆಯ ಮೇಲಿತ್ತು. ಮುಂಭಾಗಕ್ಕೆ ಬಟ್ಟೆ ಹೊದಿಸಿದ, ಒಂದು ಸಣ್ಣ ಪೆಟ್ಟಿಗೆಯಷ್ಟೇ ಭಾರದ ರೇಡಿಯೋ.

ಮದುವೆಯಾದ ವರ್ಷದ ಮಾರ್ನಾಮಿ ಹಬ್ಬಕ್ಕೆ ನಾನು ಮನೆಯನ್ನು ತೊಳೆಯಲು ನಿಂತೆ. ಹೊಸ ಸೊಸೆ ನೋಡಿ, ಹೆಸರು ತಗೊಳ್ಳುವ ಆಸೆ. ಜಂತೆಯ ಜೇಡ ಹೊಡೆದೆ, ಹಿತ್ತಾಳೆ ಸಾಮಾನು ಹುಣಸೆಹಣ್ಣಿನಲ್ಲಿ ಉಜ್ಜಿದೆ, ಕಿಟಕಿ ಸರಳನ್ನು ಒಂದೊಂದಾಗಿ ಒರೆಸಿದೆ. ಕೊನೆಗೆ ಕಣ್ಣು ಬಿದ್ದದ್ದು ರೇಡಿಯೋ ಮೇಲೆ. ಮುಂದಿನ ಬಟ್ಟೆ ಕಂದುಬಣ್ಣಕ್ಕೆ ತಿರುಗಿ ಜಿಡ್ಡುಗಟ್ಟಿತ್ತು. ಅತ್ತೆ ಅಂದು ಯಾರದೋ ಮನೆಗೆ ಹೋಗಿದ್ದರು. ನಾನು ಸೀಗೇಕಾಯಿ ನೀರು ಕಲಸಿ, ಬ್ರಷ್ಷಿನಲ್ಲಿ ಆ ಬಟ್ಟೆಯನ್ನು ಎರಡು ಸಲ ಉಜ್ಜಿ, ಮೂರನೇ ಸಲ ಚೊಂಬಿನಲ್ಲಿ ನೀರು ಹುಯ್ದು ತೊಳೆದೆ. ಬಟ್ಟೆ ಹಾಲಿನ ಬಣ್ಣಕ್ಕೆ ಬಂತು. ಒಳಗಿನಿಂದ ನೀರು ತೊಟ್ಟಿಕ್ಕುತ್ತಿದ್ದಾಗಲೂ ಒಣಗುತ್ತದೆ ಬಿಡು ಅಂದುಕೊಂಡೆ. ರೇಡಿಯೋ ರಿಪೇರಿಯವನ ಹೆಂಡತಿ ನಾನು!

ಅತ್ತೆ ಬಂದರು. ಹಲಗೆಯ ಮುಂದೆ ನಿಂತರು. ಬಟ್ಟೆಗೆ ಮೂಗು ಹತ್ತುವಷ್ಟು ಹತ್ತಿರ ಮುಖ ತಂದು ನೋಡಿದರು. ನಾನು ಶಭಾಷ್‌ಗಿರಿಗೆ ಕಾಯುತ್ತಾ ಪಕ್ಕದಲ್ಲಿ ನಿಂತಿದ್ದೆ. ಅವರು ಹಾಗೇ ಒಳಗೆ ಹೋದರು. ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟರು.

ಮಾತು ಬಿಟ್ಟರು ಎಂದರೆ ಊಟ ಬಿಟ್ಟರು, ಮುಖ ತಿರುಗಿಸಿದರು ಎಂದಲ್ಲ. ನನಗೆ ಜ್ವರ ಬಂದರೆ ಕಷಾಯ ಬರುತ್ತಿತ್ತು. ಬಸುರಿಯಾದಾಗ ಕೇಳುವ ಮೊದಲೇ ಮಾವಿನಕಾಯಿ ಬಂತು. ಮಗಳು ಹುಟ್ಟಿದ ಮೇಲೆ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದೆಲ್ಲ ಅವರೇ. ಮಾತು ಮಾತ್ರ ಇಲ್ಲ. ನನಗೆ ಏನಾದರೂ ಹೇಳಬೇಕಾದರೆ ಬೆಕ್ಕಿಗೆ ಹೇಳುತ್ತಿದ್ದರು. ನಮ್ಮ ಕಡೆ ಮಾತು ಬಿಟ್ಟ ಹೆಂಗಸರು ಹಸುವಿಗೋ ಕಂಬಕ್ಕೋ ಹೇಳಿಕೊಳ್ಳುವುದುಂಟು. ನಮ್ಮ ಮನೆಯಲ್ಲಿ ಆ ಕೆಲಸ ಬೆಕ್ಕಿನದು. "ಲೇ ಬೆಕ್ಕೇ, ಸಾರ್ಗೆ ಉಪ್ಪು ಬಿದ್ದಿಲ್ಲ ಅಂತ ಯೋಳು." "ಬೆಕ್ಕೇ, ನಾಳೆ ಅನೂರಿಂದ ನೆಂಟ್ರು ಬತ್ತಾರೆ, ಅಕ್ಕಿ ನೆನೆ ಆಕ್ಬೇಕಂತೆ." ಬೆಕ್ಕು ಕಣ್ಣು ಮುಚ್ಚಿ ಮಲಗಿರುತ್ತಿತ್ತು. ನಾನು ಅಕ್ಕಿ ನೆನೆ ಹಾಕುತ್ತಿದ್ದೆ.

ರೇಡಿಯೋ ಕೆಟ್ಟದ್ದಕ್ಕೆ ಕೋಪ ಅಂತ ನಾನು ತಿಳಿದೆ. ಯಜಮಾನರ ಬೆನ್ನು ಹತ್ತಿ, ಅತ್ತು ಕರೆದು, ಮೈಸೂರಿನಿಂದ ಹಳೇ ವಾಲ್ವ್ ಹುಡುಕಿಸಿ ತರಿಸಿದೆ. ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ರೇಡಿಯೋ ಕೆಮ್ಮಿ, ಗೊರಗೊರ ಅಂದು, ಹಾಡಿತು. ನಾನು ಅಡುಗೆಮನೆ ಬಾಗಿಲಲ್ಲಿ ಕಾದು ನಿಂತೆ. ಅತ್ತೆ ಒಂದು ನಿಮಿಷ ಕೇಳಿದರು. ಆಮೇಲೆ, "ಬೆಕ್ಕೇ, ಆಲು ಉಕ್ತಾ ಅದೆ," ಅಂದರು.

ಆವತ್ತು ನಾನು ಸೋತೆ. ಏನು ಮಾಡಿದರೆ ಈ ಹೆಂಗಸಿನ ಬಾಯಿ ನನ್ನ ಕಡೆ ತೆರೆಯುತ್ತದೆ ಅನ್ನುವುದೊಂದೇ ಆಮೇಲಿನ ವರ್ಷಗಳಲ್ಲಿ ನನ್ನ ಚಿಂತೆ. ಹೊರಗಿನವರಿಗೆ ಇದು ಸಣ್ಣ ವಿಷಯ. ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ದಿನವಿಡೀ ಎದುರುಬದುರು ಕೂತು ನೋಡಿ, ಗೊತ್ತಾಗುತ್ತದೆ.

*

ಟಿ.ವಿ.ಗೆ ಸಿಕ್ಕಿಸುವ ಆಟದ ಪೆಟ್ಟಿಗೆಯನ್ನು ನಾನು ಮೊದಲು ಕಂಡದ್ದು ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ. ಪರದೇಶದಲ್ಲಿ ಕೆಲಸಕ್ಕಿದ್ದ ಯಾರೋ ತಮ್ಮ ತಂಗಿ ಮನೆಗೆ ತಂದುಕೊಟ್ಟದ್ದು, ರಿಪೇರಿಗೆ ನಮ್ಮಲ್ಲಿಗೆ ಬಂದಿತ್ತು. ಅದಕ್ಕೆ ತಿರುಗಿಸುವ ಎರಡು ಗುಂಡಿ, ಅಷ್ಟೇ. ಕಪ್ಪು ಬಿಳುಪು ಟಿ.ವಿ.ಯಲ್ಲಿ ಆ ಕಡೆ ಒಂದು ಬಿಳಿ ಪಟ್ಟಿ, ಈ ಕಡೆ ಒಂದು ಬಿಳಿ ಪಟ್ಟಿ, ನಡುವೆ ಒಂದು ಚುಕ್ಕೆ. ಯಜಮಾನರು ಒಂದು ಗುಂಡಿ ಹಿಡಿದರು, ನನಗೊಂದು ಕೊಟ್ಟರು. ಚುಕ್ಕೆ ಟೊಕ್ ಟೊಕ್ ಅಂತ ಆಚೆಗೂ ಈಚೆಗೂ ಹೋಗಿ ಬಂತು. ಅದೇ ಆಟ. ನನಗೆ ಎಷ್ಟು ಖುಷಿಯಾಯಿತೆಂದರೆ ಒಲೆ ಮೇಲಿನ ಸಾರು ಮರೆತೆ.

ಬಾಗಿಲಲ್ಲಿ ಅತ್ತೆ. "ಬೆಕ್ಕೇ, ಗಂಡ ಎಂಡ್ತಿ ಬೆಳಕ್ನ ಚೆಂಡಾಡ್ತಾವ್ರೆ. ಸಾರು ಸೀದೋಯ್ತು ಅಂತ ಯೋಳ್ಬುಡು."

ಆ ಗುಂಡಿ ಪೆಟ್ಟಿಗೆ ಒಂದು ವಾರವಿದ್ದು ಹೋಯಿತು. ಆಮೇಲೆ ಹಲವು ವರ್ಷ ಅಂಥದ್ದು ನಮ್ಮ ಅಂಗಡಿಗೆ ಬರಲಿಲ್ಲ. ತೊಂಬತ್ತರ ದಶಕ ಶುರುವಾಗಿ, ಬಣ್ಣದ ಟಿ.ವಿ.ಗಳು ಬಂದು, ಮಗಳು ಸ್ಕೂಲಿಗೆ ಹೋಗಲು ತೊಡಗಿದ ಮೇಲೆ ಬಂದವು ನೋಡಿ ಕ್ಯಾಸೆಟ್ ಹಾಕುವ ಆಟದ ಪೆಟ್ಟಿಗೆಗಳು! ಮೇಲುಗಡೆ ಒಂದು ಬಾಯಿ, ಆ ಬಾಯಿಗೆ ಬಿಸ್ಕತ್ ಪ್ಯಾಕಿನಷ್ಟು ದಪ್ಪದ ಹಳದಿ ಕ್ಯಾಸೆಟ್ಟು, ಎರಡು ಕಡೆ ಬಳ್ಳಿಯಂಥ ವೈರಿನ ತುದಿಗೆ ಎರಡು ರಿಮೋಟು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಕೆಟ್ಟ ಪೆಟ್ಟಿಗೆಗಳ ಸಾಲು ನಮ್ಮ ಬೆಂಚಿನ ಮೇಲೆ.

ಯಜಮಾನರು ಅದರ ರಿಪೇರಿಯನ್ನು ಯಾರಿಂದಲೂ ಕಲಿತದ್ದಲ್ಲ. ಬಿಚ್ಚಿದರು, ನೋಡಿದರು, ಮಾಡಿದರು. ರಿಮೋಟಿನ ಬಟನ್ ಸವೆದು ಕೆಲಸ ಮಾಡದಿದ್ದರೆ ಅದರ ರಬ್ಬರಿನಡಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಕತ್ತರಿಸಿ ಅಂಟಿಸುತ್ತಿದ್ದರು. ಕ್ಯಾಸೆಟ್ಟಿನ ತಳದ ಚಿನ್ನದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುತ್ತಿದ್ದರು. ಸಿಗರೇಟು ಮುಟ್ಟದ ಮನುಷ್ಯನ ಜೇಬಿನಲ್ಲಿ ಯಾವಾಗಲೂ ಖಾಲಿ ಸಿಗರೇಟು ಪ್ಯಾಕು!

ತೊಂದರೆಯೆಂದರೆ, ಆ ಪೆಟ್ಟಿಗೆಗಳು ತಣ್ಣಗಿದ್ದಾಗ ಸರಿಯಾಗೇ ಇರುತ್ತಿದ್ದವು. ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಹ್ಯಾಂಗ್ ಆಗುತ್ತಿದ್ದವು. ಅಂದರೆ ರಿಪೇರಿ ಆಯಿತೋ ಇಲ್ಲವೋ ತಿಳಿಯಬೇಕಾದರೆ ಯಾರಾದರೂ ಕೂತು ಗಂಟೆಗಟ್ಟಲೆ ಆಡಬೇಕು. ಯಜಮಾನರೋ ಮಧ್ಯಾಹ್ನವಾದರೆ ಮೊಪೆಡ್ ಹತ್ತಿ ಆಂಟೆನಾ ಕಟ್ಟಲು ಹಳ್ಳಿಗಳ ಮೇಲೆ ಹೊರಡುವವರು. ಹಾಗಾಗಿ ಆಡಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬೇಡ ಎನ್ನುವಷ್ಟು ದಡ್ಡಿಯಲ್ಲ ನಾನು.

ಒಂದು ವಾರವಾದ ಮೇಲೆ ಯಳಂದೂರಿನ ಗಿರಾಕಿಯೊಬ್ಬರು ಪೆಟ್ಟಿಗೆ ವಾಪಸ್ ತಂದರು. ಒಂದನೇ ರಿಮೋಟು ಸರಿಯಿದೆ, ಎರಡನೆಯದು ನಡುವೆ ಸತ್ತುಹೋಗುತ್ತದೆ ಎಂದು ದೂರು. ನಾನೊಬ್ಬಳೇ ಆಡುತ್ತಿದ್ದೆನಲ್ಲ, ಎರಡನೆಯದನ್ನು ನೋಡಿದವರು ಯಾರು? ಗಿರಾಕಿಯ ಸಾಮಾನು ಅಂದರೆ ಯಜಮಾನರಿಗೆ ದೇವರ ಸಾಮಾನು. ಅವರು ನೇರ ನಡುಮನೆಗೆ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ತಾಯಿಯ ಕೈಗೆ ಎರಡನೇ ರಿಮೋಟು ಕೊಟ್ಟರು. "ಅವ್ವ, ಇದ್ನ ಇಡ್ಕೊ. ಎಡಕ್ಕೆ ಅಂದ್ರೆ ಇಲ್ಲಿ ಒತ್ತು, ಗುಂಡು ಆರ್ಬೇಕು ಅಂದ್ರೆ ಇಲ್ಲಿ. ಸಂಜೆ ಗಂಟ ಓಡ್ಲಿ. ನಾನು ಒಡೆಯರಪಾಳ್ಯಕ್ಕೆ ಓಯ್ತೀನಿ."

ಹೋಗಿಯೇ ಬಿಟ್ಟರು. ಚಾಪೆಯ ಮೇಲೆ ನಾವಿಬ್ಬರು, ನಡುವೆ ಒಂದು ಮೊಳ ಜಾಗ, ಎದುರಿಗೆ ಟಿ.ವಿ.

*

ಹಕ್ಕಿ ಹೊಡೆಯುವ ಆಟ ಹಾಕಿದೆ. "ಬೆಕ್ಕೇ, ಅಕ್ಕಿ ಕೊಲ್ಲ ಆಟ ನಮ್ಗ್ ಬ್ಯಾಡ, ಲಿಂಗ ಕಟ್ಟಿರೋರು ನಾವು." ತೆಗೆದೆ. ಮೀಸೆಯವನೊಬ್ಬ ಓಡುವ ಆಟ ಹಾಕಿದೆ. "ಬೆಕ್ಕೇ, ಇವ್ನಿಗೆ ಮನೆ ಮಟ ಇಲ್ವಾ ಕೇಳು." ಕೊನೆಗೆ ಟ್ಯಾಂಕು ಆಟ ಹಾಕಿದೆ. ಅದರಲ್ಲಿ ಮನುಷ್ಯರು ಕಾಣುವುದಿಲ್ಲ, ಚೌಕ ಚೌಕದ ಟ್ಯಾಂಕುಗಳು ಮಾತ್ರ. ಕೆಳಗೆ ನಡುವಿನಲ್ಲಿ ಇಟ್ಟಿಗೆ ಗೋಡೆಯೊಳಗೆ ಒಂದು ಗುರುತು, ಅದನ್ನು ಶತ್ರುಗಳಿಂದ ಇಬ್ಬರೂ ಸೇರಿ ಕಾಯಬೇಕು. ಅದು ಹೋದರೆ ಆಟ ಹೋಯಿತು. ಅತ್ತೆ ಅದನ್ನು ನೋಡಿದ ಕೂಡಲೇ "ಗೂಡು" ಅಂದರು. ರೇಷ್ಮೆಗೂಡಿನ ವ್ಯಾಪಾರಿಯ ಹೆಂಡತಿ. ಗೂಡು ಕಾಯುವುದೆಂದರೆ ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಆ ಆಟದಲ್ಲಿ ಇನ್ನೊಂದು ಸಂಗತಿಯಿತ್ತು. ಜೊತೆಗಾರರ ಗುಂಡು ತಗುಲಿದರೆ ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಮಿಣಮಿಣ ಮಿನುಗುತ್ತಾ ನಿಂತಲ್ಲೇ ನಿಲ್ಲಬೇಕು. ಇದನ್ನು ಅತ್ತೆ ಹತ್ತು ನಿಮಿಷದಲ್ಲಿ ಕಂಡುಹಿಡಿದರು. ಮೊದಲ ಮೂರು ದಿನ ಅವರು ಶತ್ರುಗಳಿಗಿಂತ ಹೆಚ್ಚಾಗಿ ನನಗೇ ಹೊಡೆದರು. ಏಳು ವರ್ಷದ ಕೋಪ ಗುಂಡುಗಳಾಗಿ ಬಂದು ಬೀಳುತ್ತಿತ್ತು. ನಾನು ಮಿನುಗುತ್ತಾ ನಿಂತಿದ್ದೆ. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಹೊಡೆದರಲ್ಲ, ಹೊಡೆಯುವುದಕ್ಕಾದರೂ ನಾನು ಕಣ್ಣಿಗೆ ಬಿದ್ದೆನಲ್ಲ.

ನಾಲ್ಕನೇ ದಿನ. ನಾನು ಬಲಗಡೆ ಒಂದು ಟ್ಯಾಂಕಿನ ಬೆನ್ನು ಹತ್ತಿದ್ದೆ. ಪಕ್ಕದಿಂದ ಒಂದು ಕೂಗು.

"ಇಂದ್ಗಡೆ! ಇಂದ್ಗಡೆ ಬಂದ ನೋಡಮ್ಮಿ!"

ಬೆಕ್ಕಿಗಲ್ಲ. ನನಗೆ. ನಾನು ಟ್ಯಾಂಕು ತಿರುಗಿಸುವ ಬದಲು ತಲೆ ತಿರುಗಿಸಿ ಅವರ ಮುಖ ನೋಡಿದೆ. ಅಷ್ಟರಲ್ಲಿ ಶತ್ರು ಗೋಡೆ ಒಡೆದು ಗೂಡು ಹೊಡೆದ. ಆಟ ಮುಗಿಯಿತು.

"ನನ್ ಮಕ ಏನ್ ನೋಡಿಯೇ? ಗೂಡು ಓಯ್ತಲ್ಲ!" ಅಂದರು ಅತ್ತೆ.

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚದೆಯೇ ಕಣ್ಣೀರು ಹಾಕಿದೆ. ವಾಪಸ್ ಬಂದು ನೋಡಿದರೆ ಆಟದ ಸೆಟ್ಟು ಆಫ್ ಆಗಿತ್ತು. ಅತ್ತೆಯೂ ಆಫ್. "ಬೆಕ್ಕೇ, ಕಾಫಿ ಒತ್ತಾಯ್ತು."

ಹೀಗೆ ಅದೊಂದು ಕಟ್ಟಳೆಯಾಯಿತು. ಯಾರೂ ಬಾಯಿಬಿಟ್ಟು ಮಾಡಿದ್ದಲ್ಲ. ಸೆಟ್ಟು ಆನ್ ಇದ್ದಷ್ಟು ಹೊತ್ತು ಅತ್ತೆ ನನ್ನ ಹತ್ತಿರ ಮಾತಾಡುತ್ತಿದ್ದರು. ಮೊದಮೊದಲು ಎಡಕ್ಕೆ, ಬಲಕ್ಕೆ, ಗೋಡೆ, ಗೂಡು ಅಷ್ಟೇ. ಆಮೇಲೆ ಆಟದ ನಡುನಡುವೆ ಬೇರೆ ಮಾತೂ ನುಸುಳಿತು. ಸ್ವಿಚ್ ಒತ್ತಿದ ಕ್ಷಣ ಮತ್ತೆ ಬೆಕ್ಕು. ಒಂದು ದಿನ ಅವರು ಟ್ಯಾಂಕು ಓಡಿಸುತ್ತಾ, "ನಿಮ್ಮಪ್ಪನ ಮನೇಲಿ ಸೊಪ್ಪಿನ ಸಾರ್ಗೆ..." ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಾತೂ ನಿಂತಿತು. ಮೂರು ಗಂಟೆ ಹೊತ್ತು ನಾನು ಆ ಮಾತಿನ ಬಾಲಕ್ಕೆ ಕಾದೆ. ಕರೆಂಟು ಬಂದದ್ದೇ ಓಡಿ ಹೋಗಿ ಸೆಟ್ಟು ಹಾಕಿದೆ. ಅತ್ತೆ ಬಂದು ಕೂತು ರಿಮೋಟು ತೆಗೆದುಕೊಂಡು, "...ಬೆಳ್ಳುಳ್ಳಿ ಒಗ್ಗರ್ಣೆ ಆಕರಾ?" ಅಂದರು. ಹಾಕುತ್ತಾರೆ ಅಂದೆ. ನಮ್ಮ ಮನೆಯ ಸೊಪ್ಪಿನ ಸಾರಿನ ಬಗ್ಗೆ ಅಷ್ಟು ಹೆಮ್ಮೆಯಿಂದ ನಾನು ಹಿಂದೆಂದೂ ಮಾತಾಡಿರಲಿಲ್ಲ.

ಜೀವದ ಸಂಗತಿಯೊಂದಿದೆ. ಆಟದಲ್ಲಿ ಒಬ್ಬೊಬ್ಬರಿಗೂ ಮೂರು ಮೂರು ಜೀವ. ನಿಮ್ಮದು ಮುಗಿದರೆ ಒಂದು ಬಟನ್ ಒತ್ತಿ ಜೊತೆಯವರ ಪಾಲಿನಿಂದ ಒಂದು ಜೀವ ತೆಗೆದುಕೊಳ್ಳಬಹುದಿತ್ತು. ನಾನು ಮುನ್ನುಗ್ಗುವವಳು, ಬೇಗ ಸಾಯುತ್ತಿದ್ದೆ. ಅತ್ತೆ ಗೂಡಿನ ಪಕ್ಕ ಕದಲದೆ ಕೂರುವವರು, ಅವರ ಜೀವ ಹಾಗೇ ಉಳಿದಿರುತ್ತಿತ್ತು. ಒಂದು ಸಲ ನಾನು ಸುಮ್ಮನೆ ಬಟನ್ ಒತ್ತಿಬಿಟ್ಟೆ. "ಕೇಳ್ದೆ ತಕಬ್ಯಾಡ," ಅಂದರು. ಅಂದಿನಿಂದ ಕೇಳುತ್ತಿದ್ದೆ: "ಅತ್ತೆ, ಒಂದ್ ಜೀವ ತಕಳ್ಲಾ?" ಅವರು ಟಿ.ವಿ.ಯಿಂದ ಕಣ್ಣು ಕೀಳದೆ, "ತಕೋ," ಅನ್ನುತ್ತಿದ್ದರು. ಇಲ್ಲ ಅಂದದ್ದು ನನಗೆ ನೆನಪಿಲ್ಲ.

ಆ ಕಾಲದಲ್ಲಿ ನಾನು ದೇವರ ಮುಂದೆ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಅಪ್ಪಾ, ಊರಿನ ಪೆಟ್ಟಿಗೆಗಳೆಲ್ಲ ಕೆಡಲಿ. ಪಾಪದ ಬೇಡಿಕೆ. ಅದು ಸಾಲದು ಅಂತ ಸುಳ್ಳೂ ಹೇಳಿದೆ. ಸಂಜೆ ಬಂದು ಯಜಮಾನರು "ಸೆಟ್ಟು ಎಂಗದೆ?" ಅಂದರೆ, "ಇನ್ನೂ ಹ್ಯಾಂಗ್ ಆಯ್ತಾ ಅದೆ, ನಾಳೆನೂ ನೋಡ್ಬೇಕು," ಅನ್ನುತ್ತಿದ್ದೆ. ಒಂದು ಪೆಟ್ಟಿಗೆ ಹನ್ನೊಂದು ದಿನ ನಮ್ಮ ಮನೆಯಲ್ಲಿ ಉಳಿಯಿತು. ಅಂಗಡಿಯಲ್ಲಿ ಯಜಮಾನರು ಗಿರಾಕಿಗೆ, "ಪಾರ್ಟ್ ಬಂದಿಲ್ಲ ಸಾ," ಅನ್ನುವುದು ಕೇಳಿಸಿತು. ಯಾವ ಪಾರ್ಟೂ ಬರಬೇಕಿರಲಿಲ್ಲ. ಗಿರಾಕಿಗೆ ಒಂದು ಸುಳ್ಳು ಹೇಳದ ಮನುಷ್ಯ ನನಗಾಗಿ, ತನ್ನ ತಾಯಿಗಾಗಿ ಹೇಳಿದ್ದು ಅದೊಂದೇ ಇರಬೇಕು. ಅದನ್ನು ಅವರೂ ಆಡಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ಅದಕ್ಕೆ ನಾನು ಋಣಿ.

*

ಒಂದೆರಡು ವರ್ಷ ಹೀಗೇ ನಡೆಯಿತು. ಆಮೇಲೆ ನಾನು ಇನ್ನೊಂದು ಮಿಶೀನು ಕೊಂದೆ.

ಹನೂರಿನ ಒಂದು ಮನೆಯಿಂದ ಬಂದ ಪೆಟ್ಟಿಗೆ. ಹೊಚ್ಚ ಹೊಸದು. ಕ್ಯಾಸೆಟ್ಟು ಸರಿಯಾಗಿ ಕೂರದೆ ಟಿ.ವಿ.ಯಲ್ಲಿ ಬರೀ ಬಣ್ಣದ ಗೆರೆ. ಕ್ಯಾಸೆಟ್ಟನ್ನು ತೆಗೆದು ಬಾಯಿಯಿಂದ ಉಫ್ ಅಂತ ಊದಿ ಮತ್ತೆ ಹಾಕುವುದು ಆಗ ಲೋಕಕ್ಕೆಲ್ಲ ಗೊತ್ತಿದ್ದ ಮದ್ದು. ನಾನೂ ಊದಿದೆ. ಕ್ಯಾಸೆಟ್ಟಿಗೆ ಊದಿದೆ, ಪೆಟ್ಟಿಗೆಯ ಬಾಯಿಗೆ ಊದಿದೆ, ತಲೆ ಸುತ್ತು ಬರುವ ತನಕ ಊದಿದೆ. ಅತ್ತೆ ಎರಡನೇ ರಿಮೋಟು ಹಿಡಿದು ಕಾಯುತ್ತಿದ್ದರು. ಸೆಟ್ಟು ಬಂದಿರಲಿಲ್ಲ, ಹಾಗಾಗಿ ಮಾತೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

ಹೊಳೆಯಿತು ನೋಡಿ ಬುದ್ಧಿ. ಬಚ್ಚಲ ಒಲೆಯ ಪಕ್ಕದಲ್ಲಿ ಊದುಗೊಳವೆ ಇತ್ತು. ಒಂದು ಮೊಳದ ಕಬ್ಬಿಣದ ಕೊಳವೆ, ಒಂದು ತುದಿ ಬಾಯಿಗೆ, ಒಂದು ತುದಿ ಕೆಂಡಕ್ಕೆ. ಹಸಿ ಸೌದೆಯನ್ನೇ ಹೊತ್ತಿಸುವ ಗಾಳಿ, ಈ ಧೂಳು ಯಾವ ಲೆಕ್ಕ? ಅದನ್ನು ಎತ್ತಿಕೊಂಡು ಬಂದೆ. ಪೆಟ್ಟಿಗೆಯ ಬಾಯಿಯೊಳಗೆ ತುದಿ ಇಟ್ಟು, ಕೆನ್ನೆ ಉಬ್ಬಿಸಿ, ಶಕ್ತಿಯೆಲ್ಲ ಬಿಟ್ಟು ಊದಿದೆ. ವರ್ಷಗಟ್ಟಲೆ ಆ ಕೊಳವೆಯಲ್ಲಿ ಕೂತಿದ್ದ ಬೂದಿ ಒಂದೇ ಉಸಿರಿಗೆ ಒಳಗೆ ಹೋಯಿತು. ಸ್ವಿಚ್ ಹಾಕಿದೆ. ಗೆರೆಯೂ ಇಲ್ಲ. ಟಿ.ವಿ. ಪೂರ್ತಿ ಕಪ್ಪು.

ಯಜಮಾನರು ಯಳಂದೂರಿನಿಂದ ಬಂದು, ಪೆಟ್ಟಿಗೆ ಬಿಚ್ಚಿ ಒಳಗೆ ನೋಡಿದರು. "ಇದ್ಕೆ ಈಬೂತಿ ಇಟ್ಟೋರು ಯಾರು?" ಅಂದರು. ನಗುವ ಧ್ವನಿಯಲ್ಲ. ಅವರು ನನ್ನ ಮೇಲೆ ಕೂಗಿದವರಲ್ಲ, ಆದರೆ ಗಿರಾಕಿಯ ಸಾಮಾನಿನ ವಿಷಯದಲ್ಲಿ ಬೆಂಕಿ. "ನಾಳೆ ಬೆಳಿಗ್ಗೆ ತಕಂಡೋಗಕ್ಕೆ ಬತ್ತಾರೆ. ಯಾರು ಅಂತ ಕೇಳ್ತಾ ಇವ್ನಿ."

ಕಣ್ಣೆದುರಿಗೆ ಬಂದದ್ದು ಈ ಪೆಟ್ಟಿಗೆಯಲ್ಲ, ಆ ರೇಡಿಯೋ. ಮತ್ತೆ ಅದೇ. ಒಂದು ಮಿಶೀನು ಕೆಡಿಸಿ ಏಳು ವರ್ಷದ ಮಾತು ಕಳೆದುಕೊಂಡೆ, ಅಷ್ಟು ಕಷ್ಟಪಟ್ಟು ಸಿಕ್ಕ ಈ ಚೂರು ಮಾತನ್ನು ಇನ್ನೊಂದು ಮಿಶೀನು ಕೆಡಿಸಿ ಕಳೆದುಕೊಳ್ಳುತ್ತಿದ್ದೇನೆ. ಅತ್ತೆಗಂತೂ ಎಲ್ಲ ಗೊತ್ತು, ಪಕ್ಕದಲ್ಲೇ ಕೂತು ನೋಡಿದ್ದಾರೆ. ಬೆಕ್ಕಿನ ಕಿವಿಗೆ ಒಂದು ಮಾತು ಹಾಕಿದರೆ ಸಾಕು.

"ನಾನು ಕಣ್ಲಾ," ಅಂದರು ಅತ್ತೆ. "ನಾನೇ ಊದ್ದೆ. ಒಲೆ ಉರೀದಿದ್ರೆ ಊದಕ್ಕಿಲ್ವಾ, ಅಂಗೆ. ನಂಗೇನ್ ಗೊತ್ತು ನಿಮ್ ಮಿಶೀನ್ ಇಸ್ಯ."

ತಾಯಿಗೆ ಅವರೇನು ಅಂದಾರು? ಹಳೇ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು ತೆಗೆದುಕೊಂಡು ಗೊಣಗುತ್ತಾ ಅಂಗಡಿಗೆ ಹೋದರು. ಒಂದು ಮಾತು ಹೇಳಿಬಿಡುತ್ತೇನೆ, ಆ ಪೆಟ್ಟಿಗೆ ಎರಡು ದಿನ ತಡವಾಗಿಯಾದರೂ ಸರಿಯಾಗಿ ಹನೂರಿಗೆ ಹೋಯಿತು.

ನಡುಮನೆಯಲ್ಲಿ ನಾವಿಬ್ಬರೇ ಉಳಿದೆವು. "ಯಾಕತ್ತೆ ಅಂಗಂದ್ರಿ?" ಅಂದೆ. ಉತ್ತರ ಬರುವುದಿಲ್ಲ ಅಂತ ಗೊತ್ತಿತ್ತು, ಸೆಟ್ಟು ಆಫ್ ಇತ್ತಲ್ಲ. ಅತ್ತೆ ಬೆಕ್ಕಿಗಾಗಿ ಆ ಕಡೆ ಈ ಕಡೆ ನೋಡಿದರು. ಬೆಕ್ಕು ಎಲ್ಲೋ ತಿರುಗಲು ಹೋಗಿತ್ತು. ಇನ್ನೊಂದು ಸಲ ನೋಡಿದರು. ಆಮೇಲೆ ನನ್ನನ್ನೇ ನೋಡಿ ಮಾತಾಡಿದರು.

"ಅವತ್ತೂ ನೀನು ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ. ಇವತ್ತೂ ಅಂಗೇಯ. ನನ್ಗೆ ಗೊತ್ತಾಯ್ತದೆ."

"ಆ ರೇಡಿಯೋ ಸರಿಯಾಯ್ತಲ್ಲ ಅತ್ತೆ. ಅವರು ಮೈಸೂರಿಂದ ವಾಲ್ವ್ ತಂದು..."

"ಆಡಕ್ಕೇನು, ಆಡ್ತದೆ. ಅದು ಆಡ್ಲಿ ಅಂತ ಇಟ್ಕಂಡಿದ್ನಾ ನಾನು?" ಎಲೆಗೆ ಸುಣ್ಣ ಸವರುತ್ತಾ ಅವರು ಹೇಳಿದರು. "ನಿಮ್ ಮಾವ ಅದ್ರ ಬಟ್ಟೆಗೆ ಕಿವಿ ಕೊಟ್ಕಂಡು ವಾರ್ತೆ ಕೇಳೋರು. ಕೈ ತುಂಬ ನಸ್ಯ. ಆ ಬಟ್ಟೇಲಿ ಅವ್ರ ನಸ್ಯದ ವಾಸ್ನೆ ಇತ್ತು ಕಣಮ್ಮಿ. ಸಂಜೆ ದೀಪ ಅಚ್ಚಿ ಅದ್ರ ಪಕ್ಕ ಕೂತ್ರೆ ಅವ್ರು ಇಲ್ಲೇ ಅವ್ರೆ ಅನ್ನಂಗಿತ್ತು. ನೀನು ಸೀಗೇಕಾಯಿ ಆಕಿ ತೊಳ್ದ್‌ಬುಟ್ಟೆ."

ಎಂಟು ತಿಂಗಳು ನಾನು ವಾಲ್ವ್ ಹುಡುಕಿದೆ, ತಂತಿ ಹುಡುಕಿದೆ, ಆಮೇಲೆ ವರ್ಷಗಟ್ಟಲೆ ಹರಕೆ ಹೊತ್ತೆ. ಕೆಟ್ಟದ್ದು ಏನು ಅಂತಲೇ ನನಗೆ ಗೊತ್ತಿರಲಿಲ್ಲ. ನಾನು ಹಾಳುಮಾಡಿದ್ದನ್ನು ಯಾವ ಊರಿನ ಯಾವ ರಿಪೇರಿಯವನೂ ಸರಿಮಾಡುವ ಹಾಗಿರಲಿಲ್ಲ.

"ಮೊದ್ಲೇ ಒಂದ್ ಮಾತು ಬಯ್ದು ಯೋಳ್ಬಾರ್ದಿತ್ತಾ ಅತ್ತೆ?"

"ಏನಂತ ಯೋಳದು? ವಾಸ್ನೆ ಕಳ್ದೋಯ್ತು ಅಂತ ಯಾರಾರ ಜಗ್ಳ ಆಡ್ತಾರಾ? ನಾಚ್ಕೆ ಆಯ್ತಿತ್ತು. ಯೋಳಕ್ಕಾಗ್ದೆ ಸುಮ್ಕಾದೆ. ಒಂದ್ ಸಲ ಸುಮ್ಕಾದ್ಮೇಲೆ ಮತ್ತೆ ಎಂಗ್ ಸುರು ಮಾಡದು ಅಂತ ಗೊತ್ತಾಗ್ಲಿಲ್ಲ."

ನಾನು ಅವರ ಕಾಲು ಹಿಡಿದೆ. ಅವರು ಒಂದು ಕ್ಷಣ ನನ್ನ ತಲೆ ಮೇಲೆ ಕೈಯಿಟ್ಟು, "ಏಳು, ಒಲೆ ಮೇಲೆ ಆಲದೆ," ಅಂದರು. ನಿಜಕ್ಕೂ ಹಾಲು ಉಕ್ಕುತ್ತಿತ್ತು.

*

ಆಮೇಲೆ ನಮ್ಮ ಮಾತಿಗೆ ಸೆಟ್ಟು ಬೇಕಾಗಲಿಲ್ಲ. ಕಟ್ಟೆ ಒಡೆದ ಹಾಗೆ ಮಾತಾಡಿದೆವು. ಅಂಗಡಿಯಿಂದ ಯಜಮಾನರು, "ಗಿರಾಕಿ ಏನೇಳ್ತಾರೆ ಅನ್ನದೇ ಕೇಳಕ್ಕಿಲ್ಲ, ಮೊದ್ಲಂಗೇ ಇದ್ರೆ ಚೆಂದಾಗಿತ್ತು," ಅಂತ ಕೂಗುತ್ತಿದ್ದರು. ಅದೇ ವರ್ಷ ಅವರು ಸತ್ತ ಮೂರ್ನಾಲ್ಕು ಪೆಟ್ಟಿಗೆಗಳ ಭಾಗ ಕೂಡಿಸಿ ನಮ್ಮ ಮನೆಗೇ ಒಂದು ಸೆಟ್ಟು ಮಾಡಿಕೊಟ್ಟರು. ಮೈ ಒಂದು ಬಣ್ಣ, ಮುಚ್ಚಳ ಒಂದು ಬಣ್ಣ. ಒಂದನೇ ರಿಮೋಟು ಕಪ್ಪು, ನನ್ನದು. ಎರಡನೆಯದು ಬೂದು ಬಣ್ಣ, ಅತ್ತೆಯದು. ಆ ಬೂದು ಬಣ್ಣ ತೋರಿಸಿ ಅವರ ಬೂದಿಯ ಸುಳ್ಳು ನೆನಪಿಸಿ ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ.

ಪೆಟ್ಟಿಗೆಗಳು ಬದಲಾಗುತ್ತಲೇ ಹೋದವು. ಚಿತ್ರ ಇನ್ನೂ ಚೆಂದವಿರುವ, ರಿಮೋಟಿಗೆ ಆರಾರು ಬಟನ್ನಿರುವವು ಬಂದವು. ಅವು ನಮ್ಮ ಬೆಂಚಿಗೆ ಪರಿಚಯವಾಗುವಷ್ಟರಲ್ಲಿ ಕ್ಯಾಸೆಟ್ಟೇ ಹೋಗಿ ತಟ್ಟೆ ಬಂತು. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ಅಣ್ಣ ಒಬ್ಬರು ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರಿಗೆ ಹೋದವರು ವಾಪಸ್ ಬರುವಾಗ ಮಕ್ಕಳಿಗೆಂದು ಅಂಥದ್ದೊಂದು ತಂದಿದ್ದರು. ಮುಚ್ಚಳ ತೆಗೆದು ಸಿ.ಡಿ. ಇಡುವ ಪೆಟ್ಟಿಗೆ. ರಿಮೋಟಿನ ಮೇಲೆ ಅಣಬೆಯ ಹಾಗೆ ಎರಡು ಕಡ್ಡಿ. ಅತ್ತೆ ಸಿ.ಡಿ.ಯನ್ನು ಆಚೆ ಈಚೆ ತಿರುಗಿಸಿ ತಮ್ಮ ಮುಖ ನೋಡಿಕೊಂಡು, "ಇದ್ನ ಊದಂಗಿಲ್ವಾ?" ಅಂದರು. ಇಲ್ಲ ಅಂದರು ಯಜಮಾನರು, ನನ್ನ ಕಡೆ ನೋಡುತ್ತಾ. ಆಟದೊಳಗೆ ಊರು ಸುತ್ತಲೂ ತಿರುಗಿತು, ಆಕಾಶ ಕೆಳಗೆ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡರು. ಆಗ ಹೈಸ್ಕೂಲ್ ಮುಗಿಸುತ್ತಿದ್ದ ಮಗಳು ಒಂದು ಸಣ್ಣ ಚೀಟಿಯಂಥದ್ದನ್ನು ತೋರಿಸಿ, "ಅಜ್ಜಿ, ಇದ್ರಲ್ಲಿ ನೆನಪಿರುತ್ತೆ. ನೆನ್ನೆ ಎಲ್ಲಿ ಬಿಟ್ಟಿದ್ವೋ ಇವತ್ತು ಅಲ್ಲಿಂದಾನೇ ಆಡಬೋದು," ಅಂದಳು.

"ನಮ್ಗ್ ಬ್ಯಾಡ ಕಣವ್ವ," ಅಂದರು ಅತ್ತೆ. "ದಿನಾ ಮೊದ್ಲಿಂದ ಸುರು ಮಾಡದೇ ವಾಸಿ." ನನ್ನನ್ನು ನೋಡಿ ನಕ್ಕರು. ಮಗಳಿಗೆ ಅರ್ಥವಾಗಲಿಲ್ಲ.

ನಾವಿಬ್ಬರೂ ಹಳೇ ಸೆಟ್ಟಿನ ಮುಂದೆಯೇ ಉಳಿದೆವು. ಮಧ್ಯಾಹ್ನದ ಊಟ ಮುಗಿಸಿ, ಅತ್ತೆ ಎಲೆಗೆ ಸುಣ್ಣ ಹಚ್ಚಿ, ಅದೇ ಹೆಬ್ಬೆರಳಿನಲ್ಲಿ ಬಟನ್ ಒತ್ತುತ್ತಿದ್ದರು. ಕೊನೆಕೊನೆಗೆ ಅವರ ಕೈ ನಡುಗುತ್ತಿತ್ತು, ಕಣ್ಣೂ ಮಂಜು. ಗೂಡಿನ ಪಕ್ಕ ಕದಲದೆ ಕೂತವರು ಈಗ ನನಗಿಂತ ಮೊದಲು ಜೀವ ಕಳೆದುಕೊಳ್ಳುತ್ತಿದ್ದರು. ಒಂದು ದಿನ ಅವರ ಮೂರೂ ಮುಗಿದವು. ಆಮೇಲೆ ಮೆಲ್ಲಗೆ ಕೇಳಿದರು.

"ಒಂದ್ ಜೀವ ತಕಳ್ಲೇನಮ್ಮಿ?"

"ಕೇಳ್ಬೇಕಾ ಅತ್ತೆ, ತಕಳಿ," ಅಂದೆ. ಟಿ.ವಿ.ಯಿಂದ ಕಣ್ಣು ಕೀಳದೆ ಹೇಳಿದೆ, ಅವರು ನನಗೆ ಹೇಳುತ್ತಿದ್ದ ಹಾಗೆಯೇ. ಅವರ ಕಡೆ ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಆ ಬೇಸಿಗೆ ದಾಟಲಿಲ್ಲ ಅವರು. ಹೆಚ್ಚು ನರಳಲಿಲ್ಲ. ನನ್ನ ಕೈಯಲ್ಲೇ ನೀರು ಕುಡಿದು, ನನ್ನ ಹೆಸರು ಹಿಡಿದು ಕರೆದು, ಹಾಲಿನ ಒಲೆ ಆರಿಸಿದೆಯಾ ಅಂತ ಕೇಳಿ ಹೋದರು. ಮಾತಾಡುತ್ತಾ ಹೋದರು. ಅದಕ್ಕಿಂತ ಹೆಚ್ಚಿನದನ್ನು ನಾನು ಯಾವ ದೇವರ ಹತ್ತಿರವೂ ಕೇಳಿರಲಿಲ್ಲ.

ಆ ವರ್ಷ ನಾವು ಹಬ್ಬ ಮಾಡಲಿಲ್ಲ. ಎರಡು ಸಾವಿರದ ನಾಲ್ಕರ ಮಾರ್ನಾಮಿಗೆ ಮತ್ತೆ ಮನೆ ತೊಳೆದೆ. ಜಂತೆ, ಕಿಟಕಿ, ಹಿತ್ತಾಳೆ, ಎಲ್ಲ. ಯಜಮಾನರು ಆಯುಧ ಪೂಜೆಗೆ ಅಂತ ಅಂಗಡಿಯ ಸಾಮಾನನ್ನೆಲ್ಲ ಬೆಂಚಿನ ಮೇಲೆ ಹರಡಿ, ಹತ್ತಿ ಮತ್ತು ಸ್ಪಿರಿಟ್ ಹಿಡಿದು ಒರೆಸುತ್ತಾ ಕೂತಿದ್ದರು. ನಾನು ಬಾವಿಕಟ್ಟೆಯಲ್ಲಿ ಬಿಂದಿಗೆ ಉಜ್ಜುತ್ತಿದ್ದೆ.

"ಅವ್ವನ ರಿಮೋಟು," ಅಂತ ಅವರ ಧ್ವನಿ ಬಂತು. "ಬಟನ್ ಮ್ಯಾಲೆ ಸುಣ್ಣ ಕೂತ್ಕಂಡದೆ, ಎಲೆ ಅಡ್ಕೆ ವಾಸ್ನೆ ಬೇರೆ. ಒರೆಸ್ಬುಡ್ಲಾ?"

ಬಿಂದಿಗೆ ಕೈಬಿಟ್ಟಿತು. ನಡುಮನೆ ದಾಟಿ ಅಂಗಡಿಯೊಳಕ್ಕೆ ಹೇಗೆ ಓಡಿದೆನೋ ಗೊತ್ತಿಲ್ಲ. "ಮುಟ್ಟಬ್ಯಾಡಿ!" ಅಂತ ಕೂಗಿದ್ದು ಮಾತ್ರ ನನಗೇ ಕೇಳಿಸಿತು. ಅವರು ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ನನ್ನ ಮುಖ ನೋಡಿದರು, ಬೂದು ಬಣ್ಣದ ರಿಮೋಟು ನೋಡಿದರು. ಹತ್ತಿಯನ್ನು ಕೆಳಗಿಟ್ಟರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

"ಮೊದ್ಲು ಕೈ ಒರೆಸ್ಕೊ," ಅಂದರು. "ಒದ್ದೆ ಅವೆ."

ನಾನು ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ರಿಮೋಟನ್ನು ಅವರ ಕೈಯಿಂದ ಇಸಿದುಕೊಂಡೆ.